ನವಿಲು ನೇಯುವ ದಿನದ ಪದಗಳು

ನಾನು ಇಂಗ್ಲಿಷ್ ಕಲಿತ ಬಗೆಯ ಕುರಿತು ನಮ್ಮ ನವಲಗುಂದದಲ್ಲಿ ಒಂದು ಕಥೆ ಚಾಲ್ತಿಯಲ್ಲಿದೆ. ಕೇಳಿದವರು ಕಣ್ಣೊರೆಸಿಕೊಳ್ಳುತ್ತಾರೆ. ನಾನು ನಂಬುವುದಿಲ್ಲ.

ಕಥೆ ಇಷ್ಟೇ. ಜಮಖಾನ ನೇಯುವ ಒಬ್ಬ ತಾಯಿ. ಓದಿದ್ದು ನಾಲ್ಕನೇ ಇಯತ್ತೆ. ಮಗ್ಗದ ಮುಂದೆ ಕೂತೇ ಮಗಳನ್ನು ದಿನಾ ಅಂಗಡಿಗೆ ಕಳಿಸುತ್ತಿದ್ದಳು. ಪಾಕೀಟಿನ ಮೇಲೆ, ಡಬ್ಬಿಯ ಮೇಲೆ ಬರೆದ ಒಂದು ಇಂಗ್ಲಿಷ್ ಪದವನ್ನು ಅರ್ಥಸಮೇತ ಕಲಿತು ಬಾ ಎನ್ನುತ್ತಿದ್ದಳು. ಹಾಗೆ ಪದಕ್ಕೆ ಪದ ಕೂಡಿಸಿಕೊಂಡ ಹುಡುಗಿ ಈಗ ಧಾರವಾಡದಲ್ಲಿ ಕಾನೂನು ಓದುತ್ತಾಳೆ, ಇಂಗ್ಲಿಷ್ ಚರ್ಚಾ ಸ್ಪರ್ಧೆಗಳಿಂದ ಬಹುಮಾನದ ಢಾಲು ಹೊತ್ತು ತರುತ್ತಾಳೆ. ಹೋದ ವರ್ಷ ನಮ್ಮ ಹೈಸ್ಕೂಲಿನ ಮುಖ್ಯಾಧ್ಯಾಪಕರು ನನಗೆ ಶಾಲು ಹೊದಿಸಿ ಮೈಕಿನಲ್ಲಿ ಇದನ್ನೇ ಹೇಳಿದರು. "ತಾಯಿನ ಮೊದಲ ಗುರು ಅಂತಾರ್ರಿ. ಪುಸ್ತಕದಾಗ ಓದಿದ್ವಿ. ಇವತ್ತ ಮುಂದಿನ ಸಾಲಿನ್ಯಾಗ ಕುಂತಾರ ನೋಡ್ರಿ!" ಎಲ್ಲರೂ ಚಪ್ಪಾಳೆ ತಟ್ಟಿ ಅಮ್ಮಿಯತ್ತ ತಿರುಗಿದರು.

ವೇದಿಕೆಯ ಮೇಲಿದ್ದ ನನಗೆ ಅಮ್ಮಿಯ ಮುಖ ನೇರ ಕಾಣುತ್ತಿತ್ತು. ಸೆರಗು ಹಣೆಯವರೆಗೆ ಎಳೆದುಕೊಂಡು ಅವಳು ತನ್ನ ಚಪ್ಪಲಿ ನೋಡುತ್ತಿದ್ದಳು. ಹೊಗಳಿಕೆಗೆ ನಾಚಿದಳು ಎಂದು ಪಕ್ಕದವರು ತಿಳಿದರು. ನಾಚಿದವರನ್ನು ನಾನು ನೋಡಿದ್ದೇನೆ, ಪ್ರಶ್ನೆ ಬರುವ ಮೊದಲೇ ಕಣ್ಣು ತಪ್ಪಿಸುವವರನ್ನು ಅದಕ್ಕಿಂತ ಹೆಚ್ಚು ನೋಡಿದ್ದೇನೆ. ಚರ್ಚೆಯಲ್ಲಿ ಎದುರಾಳಿಯ ಕುರ್ಚಿಯಲ್ಲಿ ಕೂರುವವರು ಬಹಳಷ್ಟು ಜನ ಎರಡನೇ ಬಗೆಯವರು. ಅಮ್ಮಿ ಅಂದು ಆ ಕುರ್ಚಿಯಲ್ಲಿ ಕೂತವಳಂತೆ ಕಂಡಳು.

ನಮಗೆ ವಾದ ಕಲಿಸಿದವರು ಮೊದಲ ದಿನವೇ ಒಂದು ಮಾತು ಹೇಳಿದ್ದರು. ಎಲ್ಲರೂ ಒಪ್ಪಿದ ವಾಕ್ಯ ಎದುರಾದರೆ ಅದರಲ್ಲಿ 'ದಿನಾ', 'ಯಾವಾಗಲೂ', 'ಎಂದೆಂದಿಗೂ' ಇಂಥ ಪದ ಎಲ್ಲಿ ಕೂತಿದೆ ಹುಡುಕು, ಅದರ ಮೇಲೆ ಬೆರಳಿಡು. ಆ ಸಂಜೆ ಶಾಲು ಮಡಚುತ್ತ ನಾನು ಬೆರಳಿಟ್ಟದ್ದು 'ದಿನಾ' ಎಂಬುದರ ಮೇಲೆ. ದಿನಾ ಕಳಿಸುತ್ತಿದ್ದಳೇ? ನನಗೆ ನೆನಪಿರುವಂತೆ ಇಲ್ಲ. ಒಮ್ಮೊಮ್ಮೆ ಒಂದೇ ದಿನ ಮೂರು ಸಲ ಹೋದದ್ದುಂಟು. ಆಮೇಲೆ ಹದಿನೈದು ದಿನ ಪದದ ಸುದ್ದಿಯೇ ಇಲ್ಲ. ಮಗಳ ವಿದ್ಯೆಗಾಗಿ ಹಂಬಲಿಸುವ ತಾಯಿಗೆ ಹದಿನೈದು ದಿನ ಮರೆತುಹೋಗುವುದು ಹೇಗೆ?

ಇದು ಏಕೆ ಮುಖ್ಯ ಎಂದು ಹೇಳಬೇಕಾದರೆ ಮಗ್ಗದ ಬಗ್ಗೆ ಹೇಳಬೇಕು.

ನಮ್ಮ ಮನೆಯ ಮಗ್ಗ ನಿಂತ ಮಗ್ಗ. ಗೋಡೆಗೆ ಆನಿಸಿಟ್ಟಂತೆ ನೆಟ್ಟಗೆ ಎದ್ದಿರುತ್ತದೆ. ಅದರ ಮುಂದೆ ಹಲಗೆಯ ಮೇಲೆ ಕೂತು, ಬೆರಳಿನಿಂದ ಬಣ್ಣದ ನೂಲು ತೂರಿಸಿ, ಪಂಜಾ ಎಂಬ ಕಬ್ಬಿಣದ ಹಣಿಗೆಯಿಂದ ಬಡಿದು ಕೂರಿಸಬೇಕು. ಆ ಬಡಿತ ಓಣಿಯ ತುದಿಗೂ ಕೇಳುತ್ತದೆ. ಬರೀ ಪಟ್ಟೆಯ ಜಮಖಾನ ಯಾರು ಬೇಕಾದರೂ ನೇಯಬಹುದು, ನಾನೂ ನೇಯುತ್ತೇನೆ. ನವಿಲಿನ ಜಮಖಾನ ಹಾಗಲ್ಲ. ಅದಕ್ಕೆ ಕಾಗದದ ನಕ್ಷೆ ಇಲ್ಲ. ಎಷ್ಟು ಎಳೆ ಬಿಡಬೇಕು, ಎಷ್ಟು ಹಿಡಿಯಬೇಕು ಎಂಬ ಎಣಿಕೆ ನೇಯುವವಳ ಬಾಯಲ್ಲೇ ಇರುತ್ತದೆ. ಅದನ್ನು ಸಣ್ಣ ದನಿಯಲ್ಲಿ ಹೇಳಿಕೊಳ್ಳುತ್ತಲೇ ನೇಯಬೇಕು. ಒಂದು ಸಾಲು ತಪ್ಪಿದರೂ ನವಿಲಿನ ಕೊರಳು ಕೋಳಿಯ ಕೊರಳಾಗುತ್ತದೆ. ಕಲಿಯುವುದಕ್ಕೂ ಬೇರೆ ದಾರಿ ಇಲ್ಲ. ಪಕ್ಕದಲ್ಲಿ ಕೂತು ಕೇಳಬೇಕು. ಕೇಳಿ ಕೇಳಿ ಅದು ಬಾಯಿಗೆ ಬಂದಮೇಲೆ ತಾನಾಗಿಯೇ ಬೆರಳಿಗೆ ಇಳಿಯುತ್ತದೆ.

ಆ ಎಣಿಕೆ ನಮ್ಮ ಓಣಿಯಲ್ಲಿ ಸೊಸೆಗೆ ಸೇರಿದ್ದು. ಮಗಳಿಗಲ್ಲ. ಮಗಳು ನಾಳೆ ಮದುವೆಯಾಗಿ ಬೇರೆ ಊರಿಗೆ ಹೋಗುವವಳು, ಅವಳ ಹಿಂದೆ ನವಿಲೂ ಹೋಗಿಬಿಡುತ್ತದೆ. ಸೊಸೆ ಬಂದು ಉಳಿಯುವವಳು. ಅಮ್ಮಿ ಕಲಘಟಗಿ ಕಡೆಯ ದೇವಿಕೊಪ್ಪದವಳು. ಅವಳ ತವರಿನವರು ಭತ್ತ ಬೆಳೆಯುವ ಜನ, ಮಗ್ಗವನ್ನು ಕಣ್ಣಿಂದ ನೋಡಿದವರಲ್ಲ. ಮದುವೆಯಾಗಿ ಬಂದ ವರ್ಷವೇ ನನ್ನ ದಾದಿ, ಅಂದರೆ ಅಪ್ಪನ ತಾಯಿ, ಅವಳನ್ನು ಬಾಜೂಕ ಕೂರಿಸಿಕೊಂಡು ಎಣಿಕೆ ಕೊಟ್ಟಳು. ಮಗ್ಗದ ಕೆಳಗೆ ಅಂಬೆಗಾಲಿಟ್ಟ ನನಗೆ ಯಾರೂ ಕೊಡಲಿಲ್ಲ. "ಹೆಣ್ಣಮಗಳಂದ್ರ ಮತ್ತೊಬ್ಬರ ಮನಿ ದೀಪ. ನಮ್ಮ ಎಣ್ಣಿ ಸುರುವಿ ಅವರ ಮನಿಗೆ ಬೆಳಕ ಮಾಡೂದೇನು?" ಎಂದು ದಾದಿ ಬಂದವರ ಮುಂದೆ ಹೇಳುತ್ತಿದ್ದಳು. ನಮ್ಮ ಮನೆಯಲ್ಲಿ ಉರ್ದುವೂ ಕನ್ನಡವೂ ಒಂದೇ ತಟ್ಟೆಯಲ್ಲಿ ಉಣ್ಣುತ್ತವೆ. ಇಂಥ ಮಾತನ್ನು ಮಾತ್ರ ದಾದಿ ಕನ್ನಡದಲ್ಲೇ ಹೇಳುತ್ತಿದ್ದಳು, ಓಣಿಗೆಲ್ಲ ತಿಳಿಯಲಿ ಎಂದು.

ಆದರೆ ನನಗೆ ನೇರವಾಗಿ 'ನಿನಗೆ ಇಲ್ಲ' ಎಂದವರು ಯಾರೂ ಇಲ್ಲ. ಅದೇ ನನಗೆ ಈಗ ಅನುಮಾನ ಹುಟ್ಟಿಸುವುದು. ಬೈದಿದ್ದರೆ ಹಟ ಮಾಡುತ್ತಿದ್ದೆ. ಯಾರೂ ಬೈಯಲಿಲ್ಲ, ಅಂಗಡಿಗೆ ಕಳಿಸಿದರು.

ಒಂದು ಸಂದರ್ಭ ನನಗೆ ಚೆನ್ನಾಗಿ ನೆನಪಿದೆ. ಒಂಬತ್ತು ವರ್ಷ ಇರಬೇಕು. ಸಾಲೆ ಬಿಟ್ಟು ಬಂದು ಹಲಗೆಯ ತುದಿಗೆ ಕೂತೆ. ಅಮ್ಮಿ ಬಣ್ಣದ ಪುಡಿಯ ಖಾಲಿ ಪಾಕೀಟು ಕೈಗಿಟ್ಟಳು.

"ಇದರ ಮ್ಯಾಲ ಏನ ಬರದಾರ? ಕಾಕಾನ ಅಂಗಡಿಗೆ ಹೋಗಿ ಕೇಳ್ಕೊಂಡ ಬಾ."

"ಇಲ್ಲೇ ಓದ್ತೀನಲ್ಲ ಅಮ್ಮಿ. ಕೀಪ್ ಔಟ್ ಆಫ್..."

"ಓದಾಕ ಯಾರಿಗಿ ಬರೂದಿಲ್ಲ? ಅರ್ಥಾ ಹೇಳು."

ಅರ್ಥ ಬರುತ್ತಿರಲಿಲ್ಲ. ಹೋದೆ.

ಕಾಕಾ ನಮಗೆ ಸಂಬಂಧಿ ಅಲ್ಲ. ಓಣಿಯ ಬಾಯಿಗೆ ಅಂಗಡಿ ಇಟ್ಟವರು, ಓಣಿಗೆಲ್ಲ ಕಾಕಾ. ಒಂದು ಬದಿಗೆ ಕಿರಾಣಿ, ಇನ್ನೊಂದು ಬದಿಗೆ ಬೀಜ, ಗೊಬ್ಬರ, ಬೆಳೆಯ ಹುಳಕ್ಕೆ ಹೊಡೆಯುವ ವಿಷದ ಎಣ್ಣೆ. ತಕ್ಕಡಿಯ ಹಿಂದೆ ಒಂದು ಹಳೆಯ ಡಿಕ್ಷನರಿ ಇಟ್ಟಿದ್ದರು. ಅದರಲ್ಲಿ ಎ ಮತ್ತು ಬಿ ಅಕ್ಷರದ ಪುಟಗಳನ್ನು ಇಲಿ ತಿಂದಿತ್ತು. ಇಂದಿಗೂ ಆ ಎರಡು ಅಕ್ಷರದಿಂದ ಶುರುವಾಗುವ ಹೊಸ ಪದ ಕಂಡರೆ ನನಗೆ ಒಳಗೇ ಅಳುಕು. "ಎ, ಬಿ ಬಿಟ್ಟ ಏನರ ಕೇಳು ತಂಗಿ, ಇಪ್ಪತ್ನಾಲ್ಕ ಅಕ್ಷರಕ್ಕ ನಾ ಗ್ಯಾರಂಟಿ," ಎನ್ನುತ್ತಿದ್ದರು. ಅಂದು ಕನ್ನಡಕ ಏರಿಸಿ, ಪುಟ ತಿರುವಿ, ಮುಕ್ಕಾಲು ತಾಸು ತೆಗೆದುಕೊಂಡು ಅರ್ಥ ಹೇಳಿದರು. ಓಡಿ ಬಂದು ಅಮ್ಮಿಗೆ ಒಪ್ಪಿಸಿದೆ: "ಹುಡುಗರ ಕೈಗೆ ಸಿಗದಂಗ ದೂರ ಇಡ್ರಿ ಅಂತ."

ಅಮ್ಮಿ ಪಂಜಾ ಬಡಿಯುವುದನ್ನು ನಿಲ್ಲಿಸಿದಳು. ಹಿಂದೆ ಗೋಡೆಗೊರಗಿ ಕೂತ ದಾದಿ ನಕ್ಕಳು. "ಶಾಣ್ಯಾ ಮಂದಿ ಬರದಾರ," ಎಂದಳು. ಅಮ್ಮಿ ನಗಲಿಲ್ಲ. ಕೆಳಗೆ ಬಿದ್ದಿದ್ದ ಒಂದು ತುಂಡು ನೂಲು ಎತ್ತಿ ನನ್ನ ಕೈಗೆ ಕೊಟ್ಟಳು. ಅದು ಬಹುಮಾನ. ಪದ ತಂದರೆ ನೂಲು. ನಾನು ಅದನ್ನು ನೋಟುಬುಕ್ಕಿನಲ್ಲಿ ಆ ಪದದ ಬಾಜೂಕ ಅನ್ನದ ಅಗುಳು ತಿಕ್ಕಿ ಅಂಟಿಸುತ್ತಿದ್ದೆ. ಅಲ್ಲಿಗೆ ಆ ದಿನದ ಪಾಠ ಮುಗಿಯುತ್ತಿತ್ತು. ಮಗ್ಗದ ಮೇಲೆ ಆ ದಿನದ ಕೆಲಸವೂ ಮುಗಿದಿರುತ್ತಿತ್ತು.

ಪದಗಳು ಬಂದವು, ಸುಳ್ಳು ಹೇಳುವುದಿಲ್ಲ. ಗಾಜಿನ ಲೋಟದ ಪೆಟ್ಟಿಗೆಯಿಂದ ಫ್ರಜೈಲ್ ಬಂತು. ಹತ್ತಿಬೀಜದ ಚೀಲದಿಂದ ಜರ್ಮಿನೇಷನ್. ಕೆಮ್ಮಿನ ಔಷಧದಿಂದ ಡೋಸೇಜ್. ಬಿಸ್ಕೀಟಿನಿಂದ ಇನ್‌ಗ್ರೀಡಿಯಂಟ್ಸ್. ಹುಳದ ಎಣ್ಣೆಯ ಡಬ್ಬಿಯ ಮೇಲಿನ ಆಂಟಿಡೋಟ್ ಮಾತ್ರ ಇಲಿಯ ಪಾಲಾಗಿತ್ತು. ಕಾಕಾ ಸೋಲೊಪ್ಪದೆ, "ಅದು ವಿಷದ ಕಂಪನಿ ಹೆಸರಿರಬೇಕು ಬಿಡು," ಎಂದರು. ಎರಡು ವರ್ಷ ನಾನು ಹಾಗೇ ನಂಬಿದ್ದೆ.

ಈ ಪದಗಳಿಂದ ಒಮ್ಮೆ ನನ್ನ ಮಾನವೂ ಹೋಯಿತು. ಕಾಕಾನ ಅಂಗಡಿಯ ಸರಕೆಲ್ಲ ಹುಬ್ಬಳ್ಳಿಯಿಂದ ಬರುವುದು, ಜೊತೆಗೆ ಬರುವ ಪ್ರತಿಯೊಂದು ಬಿಲ್ಲಿನ ತಳದಲ್ಲಿ ಒಂದು ಸಾಲು: ಸಬ್ಜೆಕ್ಟ್ ಟು ಹುಬ್ಬಳ್ಳಿ ಜುರಿಸ್ಡಿಕ್ಷನ್. ನಾವು ಪತ್ರದ ಕೊನೆಗೆ 'ಇಂತಿ ತಮ್ಮ ವಿಶ್ವಾಸಿ' ಎಂದು ಬರೆಯುತ್ತೇವಲ್ಲ, ಇಂಗ್ಲಿಷಿನವರು ಹೀಗೆ ಮುಗಿಸುತ್ತಾರೆ ಎಂದು ತಿಳಿದೆ. ತಕರಾರು ಬಂದರೆ ಹುಬ್ಬಳ್ಳಿಯ ಕೋರ್ಟಿನಲ್ಲೇ ಎಂಬ ಅದರ ಅರ್ಥ ನನಗೆ ಆಗೆಲ್ಲಿ ಗೊತ್ತು? ಎಂಟನೇ ಇಯತ್ತೆಯಲ್ಲಿ ಮೊದಲ ಸಲ ಇಂಗ್ಲಿಷ್ ಭಾಷಣ ಮಾಡಿ, ಕೈಮುಗಿದು, ಗಂಭೀರವಾಗಿ "ಸಬ್ಜೆಕ್ಟ್ ಟು ಹುಬ್ಬಳ್ಳಿ ಜುರಿಸ್ಡಿಕ್ಷನ್" ಎಂದು ಮುಗಿಸಿದೆ. ತೀರ್ಪುಗಾರರೊಬ್ಬರ ಕನ್ನಡಕ ನಗುವಿಗೆ ಜಾರಿ ಮೇಜಿನ ಮೇಲೆ ಬಿತ್ತು. ಎರಡನೇ ಬಹುಮಾನ ಕೊಟ್ಟರು. ಇಂಗ್ಲಿಷಿಗೋ ನಗಿಸಿದ್ದಕ್ಕೋ ಕೇಳಲಿಲ್ಲ. ಮುಖ್ಯಾಧ್ಯಾಪಕರು ಇದನ್ನೂ ಕಥೆಗೆ ಸೇರಿಸಿ ಹೇಳುತ್ತಾರೆ, ಜನ ನಗುತ್ತಾರೆ, ಕಥೆ ಇನ್ನಷ್ಟು ಖರೆ ಅನ್ನಿಸುತ್ತದೆ.

ಇಷ್ಟೇ ಆಗಿದ್ದರೆ ನಾನು ಅನುಮಾನವನ್ನು ಶಾಲಿನ ಜೊತೆ ಟ್ರಂಕಿಗೆ ಹಾಕಿ ಸುಮ್ಮನಿರುತ್ತಿದ್ದೆನೇನೋ. ದಾದಿ ತೀರಿಹೋಗಿ ನಾಲ್ಕು ವರ್ಷವಾಗಿತ್ತು. ಹಳೆಯದನ್ನು ಕೆದಕಿ ಆಗಬೇಕಾದ್ದೇನು? ಆದರೆ ಈ ರಜೆಗೆ ಬಂದಾಗ ಭಾಭಿ ಒಂದು ಸೌದಾ ಮುಂದಿಟ್ಟಳು.

ಭಾಭಿ ಅಣ್ಣಿಗೇರಿಯವಳು. ಅಣ್ಣನನ್ನು ಮದುವೆಯಾಗಿ ಎರಡು ವರ್ಷ. ನನಗಿಂತ ಒಂದು ವರ್ಷ ಚಿಕ್ಕವಳು, ಬಾಯಿ ಮಾತ್ರ ಹತ್ತು ವರ್ಷ ದೊಡ್ಡದು. ಪಟ್ಟೆ ಮುಗಿಸಿ, ನಮಾಜಿನ ಚಾಪೆ ಮುಗಿಸಿ, ಈಗ ಅಮ್ಮಿಯ ಬಾಜೂಕ ಕೂತು ನವಿಲು ಕಲಿಯುತ್ತಿದ್ದಾಳೆ. ಮಧ್ಯಾಹ್ನ ಅಮ್ಮಿ ಮಲಗಿದ್ದಳು. ಭಾಭಿ ಹಿತ್ತಲ ಕಟ್ಟೆಯ ಮೇಲೆ ನನ್ನ ಪಕ್ಕ ಬಂದು ಕೂತಳು.

"ಏ ವಕೀಲಮ್ಮಾ, ನನಗ ಒಂದೀಟ ಇಂಗ್ಲಿಷ್ ಕಲಸ."

"ಫೋನಿನ್ಯಾಗ ಹಾಕಿದ್ರ ಎಲ್ಲಾ ಹೇಳತೈತಲ್ಲ ಭಾಭಿ."

"ಫೋನಿನ್ಯಾಗ ನೋಡಿ ಹೇಳೂದ್ರಾಗ ಅವರು ಕಟ್ ಮಾಡಿ ಹೋಗಿರ್ತಾರ. ಮೊನ್ನಿ ಜಮಖಾನ ಬೇಕಂತ ಒಬ್ಬಾಕಿ ಫೋನ್ ಮಾಡಿದ್ಲು. ವಾಶೆಬಲ್ ಏನು ಅಂದ್ಲು. ನಿಮ್ಮಣ್ಣ 'ಯೆಸ್ ಯೆಸ್, ನೋ ಪ್ರಾಬ್ಲಮ್' ಅಂದ. ಆ ಕೆಂಪು ನೀರಿಗಿ ಬಿದ್ರ ನೆರೆಮನಿ ಅಂಗಿ-ಅರಿವಿನೂ ಕೆಂಪಾಗ್ತಾವು! ನೇದಾಕಿ ನಾ, ಉತ್ತರಾ ಕೊಡಾಂವ ಅಂವ. ನನ್ನ ಬಾಯಿ ಏನ್ ಬಾಡಿಗಿಗೆ ಕೊಟ್ಟೇನೇನ?"

"ಕಲಸ್ತೀನಿ. ನನಗೇನ ಕೊಡ್ತಿ?"

ಅವಳು ಒಳಗೆ ಕಣ್ಣು ಹಾಯಿಸಿ ದನಿ ತಗ್ಗಿಸಿದಳು. "ಎಣಿಕಿ ಕೊಡ್ತೀನಿ. ಒಂದ ಪದಕ್ಕ ಮೂರ ಸಾಲ."

ಅದೇ ಮನೆಯಲ್ಲಿ ಹುಟ್ಟಿ ಬೆಳೆದು ಇಪ್ಪತ್ತಮೂರು ವರ್ಷವಾದ ನನಗೆ ನವಿಲಿನ ಕಾಲು ಸಿಕ್ಕಿದ್ದು ಅಣ್ಣಿಗೇರಿಯ ಹುಡುಗಿಯಿಂದ, ವಾಶೆಬಲ್ ಎಂಬ ಪದದ ಬದಲಿಗೆ. ಎರಡನೆಯ ದಿನ ಡೆಲಿವರಿ, ಸೈಜ್, ಕಸ್ಟಮೈಸ್ ಆದವು. ನನ್ನ ಕಡೆ ನವಿಲಿನ ಎರಡೂ ಕಾಲು, ಹೊಟ್ಟೆಯ ಅಂಚು. ನನಗೆ ಬಾಯಿಪಾಠ ಬೇಗ ಬರುತ್ತದೆ. ಕಣ್ಣು ಮುಚ್ಚಿ ಹೇಳಿಕೊಳ್ಳುತ್ತಿದ್ದೆ. ಕಣ್ಣು ತೆರೆದಾಗ ಹಿತ್ತಲ ಬಾಗಿಲಲ್ಲಿ ಅಮ್ಮಿ ನಿಂತಿದ್ದಳು.

ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಸಿಟ್ಟು ಮಾಡಲಿಲ್ಲ. ಭಾಭಿಗೆ, "ಏಳವಾ, ದಗದ ಬಾಕಿ ಐತಿ," ಎಂದಳು. ನನ್ನ ಕಡೆ ತಿರುಗಿದಳು.

"ಬೇಟಾ, ಕಾಕಾನ ಅಂಗಡಿಗೆ ಹೊಸಾ ಸೋಪಿನ ಪುಡಿ ಬಂದೈತಂತ. ಅದರ ಮ್ಯಾಲ ಏನೇನ ಬರದಾರ ನೋಡ್ಕೊಂಡ ಬಾ."

ನಾನು ಎದ್ದೆ. ಚಪ್ಪಲಿ ಮೆಟ್ಟಿದೆ. ಓಣಿಯ ತಿರುವಿನವರೆಗೆ ನಡೆದುಬಿಟ್ಟಿದ್ದೆ. ಹಿಂದಿನಿಂದ ಪಂಜಾದ ಮೊದಲ ಬಡಿತ ಕೇಳಿತು. ಅಲ್ಲಿ ಕಾಲು ನಿಂತವು. ಕೈಯಲ್ಲಿ ಫೋನು, ಲೋಕದ ಯಾವ ಪದದ ಅರ್ಥ ಬೇಕಾದರೂ ಹೇಳುವ ಫೋನು. ಮುಂದಿನ ವರ್ಷ ವಕೀಲೆಯಾಗುವ ಹೆಂಗಸು ನಾನು. ಸೋಪಿನ ಪುಡಿಯ ಪಾಕೀಟು ಓದಲು ಹೊರಟಿದ್ದೆ. ಹುಕುಂ ಕೇಳಿದ್ದು ಕಿವಿಯಲ್ಲ, ಕಾಲು. ಆ ಕಾಲಿಗೆ ಹದಿನೈದು ವರ್ಷದ ರೂಢಿ ಇತ್ತು.

ತಿರುವಿನವರೆಗೆ ಬಂದಾಗಿತ್ತು, ಅಂಗಡಿಗೇ ಹೋದೆ. ಸಾಕ್ಷಿದಾರ ಅಲ್ಲೇ ಕೂತಿದ್ದ.

"ಏನ್ರಿ ವಕೀಲರ, ಯಾವಾಗ ಬಂದ್ರಿ?" ಕಾಕಾನ ಕನ್ನಡಕ ಈಗ ಇನ್ನೂ ದಪ್ಪ. "ಮೊನ್ನಿ ಮಂದಿಗಿ ಹೇಳಾಕ್ಹತ್ತಿದ್ದೆ. ಆಕಿ ಅವ್ವ ಅಲ್ರಿ ಇಂಗ್ಲಿಷ್ ಕಲಿಸಿದ್ದು, ನಾನು ಅಂತ. ಶಾಲು ಹಾಕೋ ಮುಂದ ನನ್ನ ಕರೀಲೇ ಇಲ್ಲಲ್ಲ?"

"ಕಾಕಾ, ಒಂದ ಕೇಳ್ತೀನಿ, ಖರೇ ಹೇಳ್ರಿ. ನಾ ಸಣ್ಣಾಕಿ ಇದ್ದಾಗ ದಿನಾ ಬರ್ತಿದ್ನೇನ್ರಿ?"

"ದಿನಾ ಎಲ್ಲಿ ಬರ್ತಿದ್ದಿ? ಬಂದ್ರ ಬಂದಿ, ದಿನಕ್ಕ ಮೂರ ಸಲ. ಇಲ್ಲಾಂದ್ರ ಅರ್ಧಾ ತಿಂಗಳ ಪತ್ತೇನ ಇಲ್ಲ. ಆಮ್ಯಾಲ ನಿಮ್ಮವ್ವ..." ಅವರು ತಕ್ಕಡಿಯ ಮೇಲಿನ ಧೂಳು ಒರೆಸತೊಡಗಿದರು.

"ನಮ್ಮವ್ವ ಏನ್ರಿ?"

"ಏನಿಲ್ಲ ಬಿಡು."

"ಕಾಕಾ, ಅರ್ಧಾ ಹೇಳಿ ನುಂಗಬ್ಯಾಡ್ರಿ. ನಾ ಬಿಡೂದಿಲ್ಲ, ನಿಮಗ ಗೊತ್ತೈತಿ."

"ತಪ್ಪೇನ ಐತಿ ಅದ್ರಾಗ? ಒಂದ ಸಲಾ ಬಂದ ಹೇಳಿದ್ಲು, 'ಅಣ್ಣಾರ, ಹುಡಿಗಿ ಬಂದ್ರ ಲಗೂ ಕಳಸಬ್ಯಾಡ್ರಿ, ಜರಾ ತಡಾ ಮಾಡ್ರಿ' ಅಂತ. ನನಗೂ ಹೊತ್ತ ಹೋಗ್ತಿತ್ತು. ಡಿಕ್ಷನರಿ ತೆಗೀತಿದ್ದೆ. ಒಂದೊಂದ ಪದಾ ಸಿಕ್ಕಿರ್ತಿತ್ತು, ಆದ್ರೂ ಹುಡುಕ್ತಿದ್ದೆ." ನಕ್ಕರು. ನಾನು ನಗದ್ದನ್ನು ನೋಡಿ ಒಂದು ಪೆಪರಮಿಂಟು ಮುಂದೆ ತಳ್ಳಿದರು, ಒಂಬತ್ತು ವರ್ಷದವಳಿಗೆ ತಳ್ಳುತ್ತಿದ್ದ ಹಾಗೆ.

ಮನೆಗೆ ಬಂದು ಟ್ರಂಕಿನಿಂದ ನೋಟುಬುಕ್ಕು ತೆಗೆದೆ. ಪದಗಳು ಇನ್ನೂರಕ್ಕೂ ಹೆಚ್ಚು. ನನ್ನ ಅಕ್ಷರ ಪುಟ ಹೋದಂತೆ ಸಣ್ಣದಾಗುತ್ತ ಹೋಗಿದೆ. ನಾನು ಓದಲು ಹೊರಟಿದ್ದು ಪದಗಳನ್ನು. ಆದರೆ ಕಣ್ಣಿಗೆ ಹೊಡೆದದ್ದು ಬಾಜೂಕ ಅಂಟಿದ ನೂಲು. ನೀಲಿ. ಹಸಿರು. ಹಸಿರು. ನೀಲಿ. ಪುಟದ ಮೇಲೆ ಪುಟ ನೀಲಿ, ಹಸಿರು. ನಮ್ಮ ಮನೆಯಲ್ಲಿ ಪಟ್ಟೆ ನೇಯುವುದು ಕೆಂಪು, ಹಳದಿ, ಬಿಳಿಯಲ್ಲಿ. ನೀಲಿಯೂ ಹಸಿರೂ ನವಿಲಿಗೆ ಮಾತ್ರ ಎತ್ತಿಡುವ ಬಣ್ಣ. ಅಂದರೆ ಪಟ್ಟೆ ನೇಯುವ ದಿನ ನನಗೆ ಪದ ಬೇಕಾಗಿರಲಿಲ್ಲ. ಮಗ್ಗದ ಮೇಲೆ ನವಿಲು ಕೂತ ದಿನವೇ ನನ್ನ ಇಂಗ್ಲಿಷಿನ ಚಿಂತೆ ಹತ್ತುತ್ತಿತ್ತು. ಪುರಾವೆಯನ್ನು ಅಮ್ಮಿ ತನ್ನ ಕೈಯಾರೆ ಕೊಟ್ಟಿದ್ದಳು, ಒಂದೊಂದೇ ತುಂಡು, ಬಹುಮಾನ ಎಂದು.

ವಾದ ಇಲ್ಲಿಗೆ ಮುಗಿಯಿತು ಎಂದು ಕೂತುಬಿಡಬಹುದಿತ್ತು. ನನಗೆ ಕಲಿಸಿದವರು ಅದಕ್ಕೂ ಬಿಟ್ಟಿಲ್ಲ. ಗೆದ್ದೆ ಅನ್ನಿಸಿದ ಕೂಡಲೇ ಎದುರಿನ ಕುರ್ಚಿಗೆ ಹೋಗಿ ಕೂರು ಎಂದಿದ್ದರು. ಹೋಗಿ ಕೂತೆ. ನವಿಲು ನೇಯುವಾಗ ಗಮನ ಬೇಕು, ಬಾಯಿಬಡುಕ ಮಗಳು ಪಕ್ಕದಲ್ಲಿದ್ದರೆ ಎಣಿಕೆ ತಪ್ಪುತ್ತದೆ, ಹೊರಗೆ ಕಳಿಸಿದ್ದು ಅದಕ್ಕಿರಬಹುದು. ಸರಿ. ಹಾಗಾದರೆ ಅಂಗಳಕ್ಕೆ ಆಟಕ್ಕೆ ಕಳಿಸಿದರೆ ಸಾಲದೇ? ಅಂಗಳಕ್ಕೆ ಎಣಿಕೆ ಕೇಳುತ್ತದೆ, ಅಂಗಡಿಗೆ ಕೇಳುವುದಿಲ್ಲ. ಇನ್ನೊಂದು: ಹಿಂದೆ ದಾದಿ ಕೂತಿರುತ್ತಿದ್ದಳು, ಅಮ್ಮಿ ಅತ್ತೆಯ ಮಾತು ನಡೆಸಿದಳು ಅಷ್ಟೇ. ಇದಕ್ಕೆ ತೂಕ ಇದೆ. ಎಲ್ಲಿಗೋ ಕಳಿಸಲೇಬೇಕಾದಾಗ ಬಾವಿಗೆ ಕಳಿಸದೆ, ಕಸ ಹೊಡೆಯಲು ಹಚ್ಚದೆ, ಅಕ್ಷರದ ಕಡೆಗೆ ಕಳಿಸಿದಳಲ್ಲ? ಇದಕ್ಕೂ ತೂಕ ಇದೆ. ಈ ಕುರ್ಚಿಯಲ್ಲಿ ಕೂತಾಗ ನನಗೆ ಅಮ್ಮಿಯ ಮೇಲೆ ಪ್ರೀತಿ ಉಕ್ಕುತ್ತದೆ. ಆದರೆ ದಾದಿ ಹೋಗಿ ನಾಲ್ಕು ವರ್ಷ. ಆ ದಿನ ಸೋಪಿನ ಪುಡಿಯ ಮಾತು ತೆಗೆದವಳು ದಾದಿಯಲ್ಲ.

ಇನ್ನೂ ಒಂದು ತೊಡಕು. ನೋಟುಬುಕ್ಕಿನ ಕೊನೆಯ ಪುಟದಲ್ಲಿ ನಾಲ್ಕು ನೂಲು ಕೆಂಪು. ನಾಲ್ಕೇ ನಾಲ್ಕು. ಅವು ನನ್ನ ವಾದಕ್ಕೆ ಕೂರುವುದಿಲ್ಲ. ನನಗೆ ಬೇಡವಾದ ಸಾಕ್ಷಿ ಎಂದು ಪುಟ ಹರಿಯಲು ಬರುವುದಿಲ್ಲ.

ಮರುದಿನ ಬೆಳಿಗ್ಗೆ ಭಾಭಿ ತವರಿಗೆ ಹೊರಟಳು, ಅವಳ ತಂಗಿಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಬಸ್ಸಿಗೆ ಬಿಡಲು ಅಣ್ಣ ಹೋದ. ಮಗ್ಗದ ಮೇಲೆ ನವಿಲು ಅರ್ಧಕ್ಕೆ ನಿಂತಿತ್ತು: ಕಾಲು, ಹೊಟ್ಟೆ ಆಗಿತ್ತು, ಕೊರಳು ಶುರುವಾಗಬೇಕು. ಅಮ್ಮಿ ಹಲಗೆಯ ಮೇಲೆ ಒಬ್ಬಳೇ ಕೂತು ನೀಲಿ ನೂಲು ಬಿಡಿಸುತ್ತಿದ್ದಳು. ಅವಳ ಬಲಗೈಯ ಹೆಬ್ಬೆರಳು ಈಗ ಪೂರ್ತಿ ಮಡಚುವುದಿಲ್ಲ. ನಾನು ನೋಟುಬುಕ್ಕು ತೆರೆದು ಅವಳ ತೊಡೆಯ ಮೇಲಿಟ್ಟೆ.

"ಏನಿದು?"

"ನೋಡು."

ಅಮ್ಮಿಗೆ ಇಂಗ್ಲಿಷ್ ಪದ ಓದಲು ಬಾರದು. ನೂಲು ಓದಿದಳು. ಬೆರಳು ಇಟ್ಟು ಹೇಳುತ್ತ ಹೋದಳು. "ಇದು ಹಳೇ ನೀಲಿ, ಈಗ ಈ ಬಣ್ಣಾ ಸಿಗೂದಿಲ್ಲ. ಇದು ನಿಮ್ಮ ಮಾಮಾನ ಮದಿವಿಗೆ ಕೊಟ್ಟ ಜೋಡಿ ನವಿಲಿಂದು. ಈ ಹಸರ ಬಣ್ಣಾ ಕುದಸೂ ಮುಂದ ಜರಾ ಹೊತ್ತಿತ್ತು, ನಿಮ್ಮ ದಾದಿ ಬೈದಿದ್ಲು..." ದನಿಯಲ್ಲಿ ಖುಷಿ ಇತ್ತು. ನಾಲ್ಕನೇ ಪುಟಕ್ಕೆ ಬರುವಾಗ ದನಿ ಸಣ್ಣದಾಯಿತು. ಎಂಟನೆಯ ಪುಟಕ್ಕೆ ನಿಂತಿತು. ನಾನು ಏನನ್ನೂ ಬಿಡಿಸಿ ಹೇಳಬೇಕಾಗಲಿಲ್ಲ. ನೂಲಿನ ಲೆಕ್ಕ ಅವಳಿಗಿಂತ ಚೆನ್ನಾಗಿ ಯಾರಿಗೆ ಬರುತ್ತದೆ?

ಪುಟ ತಿರುವಿ ಕೊನೆಗೆ ಬಂದಳು. ಕೆಂಪಿನ ಮೇಲೆ ಬೆರಳು ನಿಂತಿತು.

"ಇಲ್ಲೆ ಏನ ಬರದಿ?"

ಓದಿದೆ. "ಪ್ರಾಸ್ಪೆಕ್ಟಸ್. ಹಾಸ್ಟೆಲ್. ಡಿಕ್ಲರೇಷನ್. ಗಾರ್ಡಿಯನ್." ಧಾರವಾಡದ ಕಾಲೇಜಿಗೆ ಸೇರುವಾಗಿನ ಫಾರ್ಮಿನ ಪದಗಳು. ಓದುತ್ತಿರುವಾಗ ನನಗೂ ನೆನಪಾಯಿತು. ಗಾರ್ಡಿಯನ್ ಎಂಬಲ್ಲಿ ಸಹಿ ಮಾಡಿದವಳು ಅಮ್ಮಿ, ಮೂರು ಸಲ ಬೇರೆ ಕಾಗದದ ಮೇಲೆ ಬರೆದು ನೋಡಿ.

"ಇವು ನಾಕ ನಾ ಖರೇನ ಕೇಳಿದ್ದು," ಎಂದಳು. "ನನಗ ತಿಳೀಬೇಕಾಗಿತ್ತು, ನಿನ್ನ ಎಲ್ಲಿಗಿ ಕಳಸಾಕ್ಹತ್ತೀನಿ ಅಂತ."

"ಉಳದದ್ದು?"

ನೋಟುಬುಕ್ಕು ಮುಚ್ಚಿ ಹಲಗೆಯ ಮೇಲಿಟ್ಟಳು. ನೀಲಿ ನೂಲಿನ ತುದಿ ಹಿಡಿದು ಮಗ್ಗದತ್ತ ತಿರುಗಿದಳು. ತುಟಿ ಅಲುಗಿತು, ದನಿ ಬರಲಿಲ್ಲ. ಕೊರಳಿನ ಮೊದಲ ಸಾಲು ಅವಳ ಬಾಯೊಳಗೇ ಇತ್ತು. ಬೀದಿಯಲ್ಲಿ ಹಾಲಿನವನ ಹಾರ್ನು ಕೇಳಿತು. ಅವಳು ಬಾಗಿಲ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಎಲ್ಲಿಗಾದರೂ ಕಳಿಸಲು ಒಂದು ನೆಪ ಹುಡುಕುತ್ತಿದ್ದಾಳೋ ಏನೋ, ನನಗೆ ತಿಳಿಯಲಿಲ್ಲ. ನಾನು ಚಪ್ಪಲಿ ಬಿಟ್ಟು ಹಲಗೆ ಹತ್ತಿ, ಭಾಭಿ ಕೂರುವ ಜಾಗದಲ್ಲಿ ಅಮ್ಮಿಯ ಮೊಣಕೈಗೆ ಮೊಣಕೈ ತಾಗುವಂತೆ ಕೂತೆ.

"ಅಮ್ಮಿ, ನಾ ಇವತ್ತ ಅಂಗಡಿಗಿ ಹೋಗೂದಿಲ್ಲ. ಇಲ್ಲೇ ಕುಂದ್ರತೀನಿ. ಈಗ ಬಾಯಿಬಿಟ್ಟ ಎಣಸ್ತೀಯೇನು?"